ಪುಟ್ಟಾ, ಮಗೂನ ಎತ್ಕೋ

ಪುಟ್ಟಾ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯ್ತು. ಕೆಲಸದ ವಿಷಯ, ಸಾಲದ ವಿಷಯ ಎಲ್ಲಾ ಓದ್ದೆ, ಅದಕ್ಕೆಲ್ಲ ಆಮೇಲೆ ಬರೀತೀನಿ. ಆದ್ರೆ ಮಗು ಲ್ಯಾಪ್‌ಟಾಪ್ ಮೇಲೆ ಹಾಲು ಚೆಲ್ಲಿದಾಗ ಹೊಡೆಯೋಕೆ ಅಂತ ನಿನ್ನ ಕೈ ಮೇಲೆ ಹೋಯ್ತು, ಅರ್ಧಕ್ಕೆ ನಿಂತ ಆ ಕೈ ನೋಡಿದ್ರೆ ಥೇಟ್ ಅಪ್ಪನ ಕೈ ಥರ ಇತ್ತು, ಅವತ್ತಿಂದ ಮಗೂನ ಎತ್ಕೊಳ್ಳೋಕೇ ಭಯ ಅಂತ ಬರ್ದಿದ್ದೀಯಲ್ಲ, ಅದನ್ನ ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ ಕಣೋ.

ನಿಮ್ಮಪ್ಪ ಏನು ಮಾಡ್ದ, ಯಾಕೆ ಒಳಗೆ ಹೋದ, ಅದೆಲ್ಲ ಮತ್ತೆ ಬೇಡ. "ಇದು ರಕ್ತದಲ್ಲೇ ಬರುತ್ತಾ ದೊಡ್ಡಪ್ಪ" ಅಂತ ಕೇಳಿದ್ದೀಯ, ಅದಕ್ಕಷ್ಟೇ ಬರೀತಿದ್ದೀನಿ. ಈ ಪ್ರಶ್ನೆ ನಿನಗಿಂತ ಮುಂಚೆ ನಾನು ಕೇಳ್ಕೊಂಡಿದ್ದು. ಅವನ ಕೇಸು ನಡೀತಿದ್ದಾಗ ರಾತ್ರಿಯೆಲ್ಲ ಕೂತು ಇದನ್ನೇ ಓದ್ತಿದ್ದೆ. 1876ರಲ್ಲಿ ಇಟಲಿಯ ಲೊಂಬ್ರೋಸೊ ಅನ್ನೋ ಡಾಕ್ಟರ್, ಕೆಲವರು ಹುಟ್ಟುತ್ತಲೇ ಅಪರಾಧಿಗಳು, ದವಡೆ, ಕಿವಿ, ತಲೆಬುರುಡೆ ನೋಡಿದ್ರೇ ಗೊತ್ತಾಗುತ್ತೆ ಅಂತ ಪುಸ್ತಕ ಬರ್ದಿದ್ದ. ಅದನ್ನ ಓದಿದ ರಾತ್ರಿ ಎದ್ದು ಹೋಗಿ ಕನ್ನಡಿ ಮುಂದೆ ನಿಂತೆ. ನಿಮ್ಮಪ್ಪನ ಕಿವಿ, ನನ್ನ ಕಿವಿ, ನಿನ್ನ ಕಿವಿ ಮೂರೂ ಒಂದೇ ಅಚ್ಚು, ಹಾಲೆ ಕೆನ್ನೆಗೆ ಅಂಟಿಕೊಂಡಿರೋದು. 1913ರಲ್ಲಿ ಇಂಗ್ಲೆಂಡಿನ ಗೋರಿಂಗ್ ಅನ್ನೋರು ಸುಮಾರು 3,000 ಕೈದಿಗಳನ್ನ ಅಳೆದು ನೋಡಿ ಅಂಥಾ ಅಪರಾಧಿ ಮುಖ ಅಂತ ಯಾವುದೂ ಇಲ್ಲ ಅಂದ್ರು ಅಂತ ಓದಿದ್ದು ಆಮೇಲೆ. ಅಷ್ಟರವರೆಗೆ ಕನ್ನಡಿ ನೋಡೋಕೆ ಹಿಂಸೆ ಆಗ್ತಿತ್ತು, ಅದಕ್ಕೇ ನಿನ್ನ ಸಂಕಟ ನನಗೆ ಅರ್ಥ ಆಗುತ್ತೆ.

ಹೊಡೆದಾಟದ ಸ್ವಭಾವ ತರುತ್ತೆ ಅಂತ ಜನ ಹೇಳೋ ವಾರಿಯರ್ ಜೀನ್ ಬಗ್ಗೆ ಬರ್ದಿದ್ದೀಯಲ್ಲ, ಅದರ ನಿಜವಾದ ಹೆಸರು ಎಂಎಒಎ. ಮಿದುಳಲ್ಲಿ ಸಂದೇಶ ಸಾಗಿಸೋ ಸೆರೊಟೋನಿನ್, ಡೋಪಮೈನ್ ಇಂಥವನ್ನ ಒಡೆಯೋ ಎನ್ಜೈಮ್ ತಯಾರು ಮಾಡೋ ಜೀನ್ ಅದು. ಜನ ಹೆದರೋದು ಅದರ ಕಡಿಮೆ ಕೆಲಸ ಮಾಡೋ ರೂಪಕ್ಕೆ, ಆ ರೂಪ ಸುಮಾರು ಮೂರರಲ್ಲಿ ಒಬ್ಬ ಗಂಡಸಿಗೆ ಇರುತ್ತೆ, ಅವರೆಲ್ಲ ಜೈಲಲ್ಲಿ ಇದ್ದಾರಾ ಹೇಳು. ಇನ್ನೊಂದು ವಿಷಯ, ಇದನ್ನ ಎರಡು ಸಲ ಓದು. ಆ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್ ಮೇಲೆ. ಗಂಡುಮಗನಿಗೆ ಎಕ್ಸ್ ಬರೋದು ತಾಯಿಯಿಂದ, ಅಪ್ಪನಿಂದ ಬರೋದು ವೈ. ಅಂದ್ರೆ ನಿಮ್ಮಪ್ಪನಿಂದ ಅದು ನಿನಗೆ ಬರೋಕೆ ದಾರೀನೇ ಇಲ್ಲ, ನಿನ್ನಿಂದ ನಿನ್ನ ಮಗನಿಗೂ ಇಲ್ಲ. (ಹಂಗಂತ ಈಗ ಅಮ್ಮನ ಕಡೆ ಹುಡುಕೋಕೆ ಹೋಗ್ಬೇಡ, ಪಾಪ ಅವಳು ಪಟ್ಟಿದ್ದು ಸಾಕು.)

2002ರಲ್ಲಿ ನ್ಯೂಜಿಲೆಂಡಿನ ಡನೀಡಿನ್ ಊರಿನ ಹುಡುಗರ ಮೇಲೆ ಮಾಡಿದ ಸ್ಟಡಿ ಬಂತು. ಚಿಕ್ಕಂದಿನಲ್ಲಿ ಮನೇಲಿ ಹೊಡೆತ, ಹಿಂಸೆ ತಿಂದ ಹುಡುಗರಲ್ಲಿ ಈ ಜೀನಿನ ಕಡಿಮೆ ರೂಪ ಇದ್ದೋರು ದೊಡ್ಡವರಾದ ಮೇಲೆ ಹೆಚ್ಚು ಹಿಂಸೆಗೆ ಇಳಿದಿದ್ರು, ಹಿಂಸೆ ಕಾಣದೆ ಬೆಳೆದೋರಲ್ಲಿ ಅದೇ ರೂಪ ಇದ್ರೂ ಅಂಥಾ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಸ್ಟಡಿಗಳಲ್ಲಿ ಎಲ್ಲಾ ಕಡೆ ಒಂದೇ ಥರ ಬರಲಿಲ್ಲ, ಅದು ಬೇರೆ ಮಾತು. ಆದ್ರೆ ನಾನು ಅದನ್ನ ಅಲ್ಲಿಗೇ ಮುಚ್ಚಿಟ್ಟೆ, ಮುಂದೆ ಓದೋಕಾಗಲಿಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ, ಯಾರಿಗೂ ಹೇಳಿಲ್ಲ.

ನಮ್ಮಪ್ಪ ನನ್ನನ್ನ ಹೊಡೀತಿರಲಿಲ್ಲ, ನಿಮ್ಮಪ್ಪನನ್ನ ಹೊಡೀತಿದ್ರು. ಬಾಗಿಲ ಹಿಂದಿನ ಮೊಳೆಗೆ ಬೆಲ್ಟ್ ನೇತು ಹಾಕಿರ್ತಿತ್ತು, ಅದನ್ನ ತೆಗೆಯುವಾಗ ಬಕಲ್ಲು ಗೋಡೆಗೆ ತಾಗಿ ಟಿಣ್ ಅನ್ನೋದು. ಆ ಸದ್ದು ಕೇಳಿದ ತಕ್ಷಣ ನಾನು ಲೆಕ್ಕದ ಪುಸ್ತಕದ ಮೇಲೆ ತಲೆ ಬಗ್ಗಿಸ್ತಿದ್ದೆ, ಪೆನ್ಸಿಲ್ ಎಷ್ಟು ಒತ್ತಿ ಹಿಡೀತಿದ್ದೆ ಅಂದ್ರೆ ಮೊನೆ ಮುರಿದು ಹಾಳೆ ಹರಿಯೋದು. ಒಂದು ದಿನಾನೂ ಎದ್ದು ಹೋಗಿ ಬಿಡಿ ಅಪ್ಪಾ ಅನ್ನಲಿಲ್ಲ. ಅವನಿಗಿಂತ ಐದು ವರ್ಷ ದೊಡ್ಡವನು ನಾನು. ಎಲ್ಲಾ ರಕ್ತದಲ್ಲೇ ಇತ್ತು ಅಂತ ಆದ್ರೆ ನನ್ನ ತಪ್ಪು ಏನೂ ಇಲ್ಲ ಅಂತ ಆಗುತ್ತಲ್ಲ, ನಾನು ರಾತ್ರಿಯೆಲ್ಲ ಹುಡುಕ್ತಿದ್ದದ್ದು ಅದನ್ನೇ ಪುಟ್ಟಾ.

ರಕ್ತ ಏನೂ ಲೆಕ್ಕಕ್ಕಿಲ್ಲ ಅಂತ ನಿನಗೆ ಸುಳ್ಳು ಹೇಳಲ್ಲ. 1984ರಲ್ಲಿ ಡೆನ್ಮಾರ್ಕಿನ 14,000ಕ್ಕೂ ಹೆಚ್ಚು ದತ್ತು ಮಕ್ಕಳ ದಾಖಲೆ ನೋಡಿದ ಸ್ಟಡಿ ಬಂತು. ಹೆತ್ತವರಿಗೆ ಶಿಕ್ಷೆ ಆಗಿದ್ದು ಸಾಕಿದವರಿಗೆ ಆಗಿಲ್ಲದ ಗಂಡುಮಕ್ಕಳಲ್ಲಿ 100ಕ್ಕೆ 20 ಜನಕ್ಕೆ ಶಿಕ್ಷೆ ಆಗಿತ್ತು, ಯಾವ ಕಡೇನೂ ಇಲ್ಲದವರಲ್ಲಿ 100ಕ್ಕೆ 13-14. ವ್ಯತ್ಯಾಸ ಇದೆ. ಆದ್ರೆ ಮಿಕ್ಕ 80 ಜನಾನೂ ಅಂಥಾ ಅಪ್ಪ ಅಮ್ಮಂದಿರ ಮಕ್ಕಳೇ ಅಲ್ವಾ? ಅದೂ ಆ ಸಂಬಂಧ ಕಂಡಿದ್ದು ಕಳ್ಳತನದಂಥ ಕೇಸುಗಳಲ್ಲಿ, ಹೊಡೆದಾಟದ ಕೇಸುಗಳಲ್ಲಿ ಹಂಗೆ ಕಾಣಲಿಲ್ಲ.

ನಿನಗೆ ಏಳು ವರ್ಷ ಇದ್ದಾಗ ಏನೋ ಜಗಳದಲ್ಲಿ ನನ್ನ ಮಗನ ತುಟಿ ಒಡೆದಿದ್ದೆ. ಅವತ್ತು ರಾತ್ರಿ ನಿನ್ನ ದೊಡ್ಡಮ್ಮನ ಹತ್ರ "ಅಪ್ಪನ ರಕ್ತ, ಬಿಡುತ್ತಾ" ಅಂದೆ. ತಿರುಗಿ ನೋಡಿದ್ರೆ ಪರದೆ ಕೆಳಗೆ ನಿನ್ನ ಕಾಲ್ಬೆರಳು ಕಾಣ್ತಿತ್ತು. ನೀನು ಕೇಳಿಸ್ಕೊಂಡೆ ಅಂತ ಗೊತ್ತಾಯ್ತು, ಆದ್ರೂ ಸುಮ್ಮನಾದೆ. ಈಗ ನಿನ್ನ ಕಾಗದದಲ್ಲಿ ಅದೇ ಮಾತು ವಾಪಸ್ ಬಂದಿದೆ. ಈ ಭಯ ನಿಮ್ಮಪ್ಪ ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು ಅನ್ಸುತ್ತೆ. ಕ್ಷಮಿಸು ಅನ್ನೋಕೂ ತಡ ಆಯ್ತು.

ಏನು ಮಾಡ್ಬೇಕು ಅಂತ ಹೇಳೋಕೆ ನನಗೆ ಯಾವ ಯೋಗ್ಯತೆ ಇದೆಯೋ ಗೊತ್ತಿಲ್ಲ. ಆ ಜೀನ್ ಇದೆಯಾ ಅಂತ ನೋಡೋ ಡಿಎನ್‌ಎ ಟೆಸ್ಟ್ ಬೇಡ ಅನ್ಸುತ್ತೆ, ಬಂದ ಕಾಗದ ನೋಡ್ಕೊಂಡು ಇನ್ನೂ ಕೊರಗ್ತೀಯ. ಸಿಟ್ಟು ಬಂದಾಗ ಆಚೆ ಹೋಗಿ ಒಂದು ಲೋಟ ನೀರು ಕುಡಿ, ಹೆಂಡ್ತಿಗೆ ಈ ವಿಷಯ ಮುಚ್ಚಿಡಬೇಡ, ತೀರಾ ಕಷ್ಟ ಆದ್ರೆ ಒಬ್ಬ ಕೌನ್ಸೆಲರ್ ಹತ್ರ ಕೂತು ಮಾತಾಡು, ನಾನು ಆ ಕಾಲದಲ್ಲಿ ಹೋಗಲಿಲ್ಲ, ಹೋಗ್ಬೇಕಿತ್ತು. ಕೈ ಅರ್ಧಕ್ಕೆ ನಿಂತಿತು ಅಂತ ನೀನೇ ಬರ್ದಿದ್ದೀಯ. ಎತ್ತಿದ್ದು ನಿನ್ನ ಮಿದುಳಾದ್ರೆ ನಿಲ್ಲಿಸಿದ್ದೂ ಅದೇ ಅಲ್ವೇನೋ, ಅದನ್ನ ಯಾಕೆ ಲೆಕ್ಕಕ್ಕೆ ತಗೊಳ್ಳಲ್ಲ ನೀನು?

ಎಚ್ಚರ ಇದ್ದಾಗ ಭಯ ಆದ್ರೆ ಮಗು ಮಲಗಿದ್ದಾಗ ಎತ್ಕೊಂಡು ಸ್ವಲ್ಪ ಹೊತ್ತು ಕೂತ್ಕೋ. ಎತ್ಕೊಂಡ ಮೇಲೆ ನನಗೊಂದು ಫೋನ್ ಮಾಡು, ಎಷ್ಟೊತ್ತಾದ್ರೂ ಎದ್ದಿರ್ತೀನಿ.

ನಿನ್ನ
ದೊಡ್ಡಪ್ಪ