ರಂಗಭೂಮಿಗೆ ರಕ್ಷಣೆ ಬೇಕು, ಬೆದರಿಕೆಗೆ ಮಣೆ ಬೇಡ

ಮಾನ್ಯ ಸಂಪಾದಕರೇ,

ಯಾವುದೋ ಒಂದು ಗುಂಪು ಗಲಾಟೆ ಮಾಡುವುದಾಗಿ ಬೆದರಿಸಿದೊಡನೆ, ನಾಟಕವನ್ನು ಮುಂದೂಡಿ ಎಂದು ಆಯೋಜಕರಿಗೇ ಬುದ್ಧಿ ಹೇಳುವ ಪರಿಪಾಠ ನಮ್ಮಲ್ಲಿ ಬೆಳೆಯುತ್ತಿದೆ. ಬೆದರಿಸಿದವರು ಹಾಯಾಗಿ ಮನೆಯಲ್ಲಿರುತ್ತಾರೆ, ಬಣ್ಣ ಹಚ್ಚಿದವರು ಠಾಣೆಗೆ ಅಲೆಯುತ್ತಾರೆ. ಉಗ್ರವಾದವು ಯಾವ ಧರ್ಮದ, ಯಾವ ಪಕ್ಷದ ಬಾವುಟ ಹಿಡಿದು ಬಂದರೂ, ಅದಕ್ಕೆ ಇದಕ್ಕಿಂತ ಸುಲಭದ ಗೆಲುವು ಬೇರೆ ಸಿಗದು.

2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿಯಲ್ಲಿ ನಡೆದ ಹಿಂಸಾತ್ಮಕ ಘರ್ಷಣೆಯನ್ನು ಕೊಡಗಿನವರು ಮರೆತಿಲ್ಲ. ಚರಿತ್ರೆಯ ಜಗಳ ಬೀದಿಗೆ ಬಂದರೆ ಕಲ್ಲು ಬೀಳುತ್ತದೆ. ಅದೇ ಜಗಳ ರಂಗಕ್ಕೆ ಬಂದರೆ, ತನಗೆ ಒಗ್ಗದ ಪಾತ್ರದ ಮಾತನ್ನೂ ಪ್ರೇಕ್ಷಕ ಕೊನೆಯವರೆಗೆ ಕುಳಿತು ಕೇಳಬೇಕಾಗುತ್ತದೆ. ಗಿರೀಶ ಕಾರ್ನಾಡರು ಕಲ್ಯಾಣದ ದುರಂತವನ್ನು ‘ತಲೆದಂಡ’ವಾಗಿ ಬರೆದಾಗ ಶರಣರಿಗಷ್ಟೇ ಅಲ್ಲದೆ ಬಿಜ್ಜಳನಿಗೂ ತನ್ನ ಸಂಕಟ ಹೇಳಿಕೊಳ್ಳಲು ಬಾಯಿ ಕೊಟ್ಟರು. ಎದುರಾಳಿಯ ಮಾತಿಗೆ ಕಿವಿಗೊಡುವ ಈ ಅಭ್ಯಾಸ ಇಲ್ಲದಿದ್ದರೆ ವಿಧಾನಸಭೆಯೂ ನಡೆಯದು, ಗ್ರಾಮಸಭೆಯೂ ನಡೆಯದು.

ಟೀಕೆಯನ್ನು ಸಹಿಸುವುದು ನಮ್ಮ ಸಂಸ್ಕೃತಿಯಲ್ಲ ಎನ್ನುವವರು ನಮ್ಮ ಕೊಡಗಿನ ದೇವರಪುರದ ಕುಂಡೆ ಹಬ್ಬಕ್ಕೆ ಒಮ್ಮೆ ಹೋಗಬೇಕು. ವರ್ಷವಿಡೀ ತೋಟಗಳಲ್ಲಿ ದುಡಿಯುವ ಕುರುಬ, ಯರವ ಬುಡಕಟ್ಟಿನವರು ಆ ದಿನ ಹೆಣ್ಣುವೇಷವನ್ನೂ ಚಿತ್ರವಿಚಿತ್ರ ಉಡುಪುಗಳನ್ನೂ ತೊಟ್ಟು, ಡಬ್ಬ ಬಡಿದು ಕುಣಿಯುತ್ತ, ತಮ್ಮನ್ನು ಕೈಬಿಟ್ಟ ದೇವರಿಂದ ಹಿಡಿದು ದಾರಿಯಲ್ಲಿ ಸಿಕ್ಕ ಸಾಹುಕಾರನವರೆಗೆ ಎಲ್ಲರನ್ನೂ ಹಾಡಿನಲ್ಲೇ ಬೈಯುತ್ತಾರೆ; ಬೈಸಿಕೊಂಡವರು ನಕ್ಕು ಕಾಸು ಕೊಡುತ್ತಾರೆ. ಇದನ್ನೇ ಪ್ರಜಾಪ್ರಭುತ್ವವೆಂದು ಕೊಂಡಾಡಲು ನಾನು ಸಿದ್ಧನಿಲ್ಲ, ಏಕೆಂದರೆ ಮರುದಿನ ತೋಟದ ಕೂಲಿಗಳ ಲೈನ್‌ಮನೆಯ ಬದುಕು ಹಿಂದಿನಂತೆಯೇ ಇರುತ್ತದೆ. ಆದರೂ ದೇವರೇ ಬೈಗುಳ ಕೇಳಿಸಿಕೊಳ್ಳುವ ನಾಡಿನಲ್ಲಿ, ನಾಟಕದ ಒಂದು ಸಂಭಾಷಣೆಯಿಂದ ಭಾವನೆಗೆ ಧಕ್ಕೆಯಾಯಿತೆಂದು ಒಂದು ಸಂಘಟನೆ ದೂರು ಹೊತ್ತು ಓಡುವುದು ಸೋಜಿಗವೇ ಸರಿ.

ರಂಗಕ್ಕೆ ಅಧಿಕಾರ ಹೆದರುವುದು ಹೊಸತಲ್ಲ. ಬ್ರಿಟಿಷರು ತಮಗೆ ಒಗ್ಗದ ನಾಟಕಗಳನ್ನು ನಿಷೇಧಿಸಲು 1876ರಲ್ಲೇ ನಾಟಕ ಪ್ರದರ್ಶನ ಕಾಯ್ದೆ ತಂದಿದ್ದರು. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. 1989ರ ಜನವರಿ 1ರಂದು ದೆಹಲಿ ಬಳಿಯ ಸಾಹಿಬಾಬಾದಿನಲ್ಲಿ ಬೀದಿ ನಾಟಕವಾಡುತ್ತಿದ್ದ ಸಫ್ದರ್ ಹಾಶ್ಮಿ ಅವರ ಮೇಲೆ ಹಲ್ಲೆ ನಡೆದು, ಮರುದಿನ ಅವರು ಕೊನೆಯುಸಿರೆಳೆದರು. ಜನವರಿ 4ರಂದು ಪತ್ನಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಮರಳಿ, ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಚಲನಚಿತ್ರವೊಂದಕ್ಕೆ ಸಂಬಂಧಿಸಿದ ರಂಗರಾಜನ್ ಪ್ರಕರಣದಲ್ಲಿ, ಪ್ರತಿಭಟನೆ ಅಥವಾ ಹಿಂಸೆಯ ಬೆದರಿಕೆಯ ಕಾರಣಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಹತ್ತಿಕ್ಕುವಂತಿಲ್ಲ, ಅದನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದು ತೀರ್ಪಿತ್ತಿತು. ಠಾಣೆಗಳವರೆಗೆ ಆ ತೀರ್ಪು ಇನ್ನೂ ತಲುಪಿದಂತಿಲ್ಲ.

ಕಲೆಯೆಂದರೆ ತಾನಾಗಿಯೇ ಪ್ರಜಾಪ್ರಭುತ್ವದ ಪರ ಎಂದು ನಂಬುವುದೂ ಭೋಳೆತನ. ದ್ವೇಷಕ್ಕೂ ವೇಷ ಕಟ್ಟಲು ಬರುತ್ತದೆ, ಅದಕ್ಕೂ ಚಪ್ಪಾಳೆ ಸಿಗುತ್ತದೆ. ಅಂಥ ನಾಟಕ ನಮ್ಮೂರಿಗೆ ಬಂದರೆ ಅದನ್ನು ನೋಡಿ, ನಿಷ್ಠುರವಾಗಿ ವಿಮರ್ಶಿಸಿ, ಸಾಧ್ಯವಾದರೆ ಇನ್ನೊಂದು ನಾಟಕದಿಂದಲೇ ಉತ್ತರಿಸಬೇಕು. ನೇರವಾಗಿ ಹಿಂಸೆಗೆ ಕರೆ ಕೊಟ್ಟಾಗ ಮಾತ್ರ ಕಾನೂನು ನಡುವೆ ಬರಲಿ. ನನಗೆ ಹಿಡಿಸದ ನಾಟಕಕ್ಕೂ ಪೊಲೀಸ್ ರಕ್ಷಣೆ ಇರಲಿ ಎಂದೇ ನಾನು ಕೇಳುತ್ತಿದ್ದೇನೆ.

ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವ ಭಾಷೆಯಲ್ಲಿ ನಾಟಕ ಬರೆದ ಜಿಲ್ಲೆಯಿದು. ಮಡಿಕೇರಿ ದಸರಾದಲ್ಲಿ ದಶಮಂಟಪಗಳ, ಅಂದರೆ ಹತ್ತು ದೇವಾಲಯಗಳ ಮೆರವಣಿಗೆ ಮಂಟಪಗಳ, ಬೆಳಕು, ಸದ್ದಿಗೆ ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ. ಗಾಂಧಿ ಮೈದಾನದ ವೇದಿಕೆಯಲ್ಲಿ ಒಂದು ಸಂಜೆಯನ್ನಾದರೂ ಕನ್ನಡ, ಕೊಡವ, ಅರೆಭಾಷೆ, ಯರವ, ಬ್ಯಾರಿ ಭಾಷೆಗಳ ಸ್ಥಳೀಯ ತಂಡಗಳಿಗೆ ಮೀಸಲಿಡಬೇಕು, ಆ ತಂಡಗಳು ಏನು ಆಡಬೇಕೆಂಬುದನ್ನು ಅವುಗಳಿಗೇ ಬಿಡಬೇಕು. ಇದರ ಜೊತೆಗೆ, ಪ್ರದರ್ಶನಕ್ಕೆ ಬೆದರಿಕೆ ಬಂದಾಗ ಮೊದಲು ಯಾರ ಮೇಲೆ ಕ್ರಮ ಜರುಗಿಸಲಾಗುವುದೆಂಬುದನ್ನು ಜಿಲ್ಲಾಡಳಿತ ಲಿಖಿತವಾಗಿ ಪ್ರಕಟಿಸಬೇಕೆಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

– ರಂಗಾಸಕ್ತ ಓದುಗ, ಗೋಣಿಕೊಪ್ಪಲು