ತಾವಾಗಿಯೇ ಬರೆದು ತಿಳಿಸಿದವರಿಗೆ

ಟಿಪ್ಪಣಿ ಬರೆದಿಡುವ ನನ್ನ ತಂತ್ರಾಂಶದ 1.0 ಆವೃತ್ತಿ ಈ ವಾರ ಹೊರಬಂತು. ಇನ್ನು ಇದನ್ನು ನಂಬಿ ಬಳಸಬಹುದು ಎಂದು ಹೇಳುವ ಧೈರ್ಯ ಈಗ ಬಂದಿದೆ. ಆ ಧೈರ್ಯ ತುಂಬಿದವರಿಗಾಗಿ ಈ ಬರಹ.

ಬರೆದದ್ದೆಲ್ಲ ಬಳಸುವವರ ಕಂಪ್ಯೂಟರಿನಲ್ಲೇ ಇರಬೇಕು, ಖಾತೆ ಬೇಡ, ಲಾಗಿನ್ ಬೇಡ, ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ತಂತ್ರಾಂಶ ಹೊರಗೆ ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಅದು ಎಷ್ಟು ಜನರ ಬಳಿ ಇದೆ, ಯಾವ ಮೆನುವನ್ನು ಯಾರೂ ಮುಟ್ಟುತ್ತಿಲ್ಲ, ಎಲ್ಲಿ ಕ್ರ್ಯಾಶ್ ಆಗುತ್ತಿದೆ, ಒಂದೂ ನನಗೆ ತಿಳಿಯದು. ದೋಷದ ವಿವರವೂ ಆಯಾ ಕಂಪ್ಯೂಟರಿನ ಲಾಗ್ ಫೈಲಿನಲ್ಲೇ ಉಳಿಯುತ್ತದೆ. ಯಾರಾದರೂ ಅದನ್ನು ತೆರೆದು, ಓದಿ, ಖಾಸಗಿ ಸಾಲುಗಳನ್ನು ಅಳಿಸಿ ಮೇಲ್ ಮಾಡಿದರಷ್ಟೇ ನನಗೆ ಸುದ್ದಿ. ಈ ತಂತ್ರಾಂಶದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ಒಬ್ಬರಲ್ಲ ಒಬ್ಬರು ಬಿಡುವು ಮಾಡಿಕೊಂಡು ಹೇಳಿದ್ದೇ.

ಒಂದು ಉದಾಹರಣೆ ಕೊಡಲೇಬೇಕು. ಒಬ್ಬರು ಟಿಪ್ಪಣಿಗಳ ಫೋಲ್ಡರನ್ನು ಎರಡು ಕಂಪ್ಯೂಟರುಗಳ ನಡುವೆ ಸಿಂಕ್ ಮಾಡಿಕೊಳ್ಳುತ್ತಿದ್ದರು. ಹೊಸದಾಗಿ ಬರೆದದ್ದು ಎರಡನೆಯದರಲ್ಲಿ ಕಾಣುತ್ತಿರಲಿಲ್ಲ. ಅವರು ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದು ಸುಮ್ಮನಾಗಲಿಲ್ಲ. ಎರಡೂ ಕಡೆಯ ಫೋಲ್ಡರಿನಲ್ಲಿ ಯಾವ ಯಾವ ಫೈಲುಗಳಿವೆ, ಎಷ್ಟು ದೊಡ್ಡವು, ಕೊನೆಗೆ ಬದಲಾದದ್ದು ಯಾವಾಗ ಎಂದು ಪಟ್ಟಿ ಮಾಡಿ ಕಳಿಸಿದರು. ನಾನು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ‘ವಾಲ್’ ಎಂಬ ವಿಧಾನವೊಂದಿದೆ. ಅದರಲ್ಲಿ ಹೊಸ ಬರಹ ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗಿ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. ಪಟ್ಟಿಯಲ್ಲಿ ಆ ಪಕ್ಕದ ಫೈಲು ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲೇ ಇಲ್ಲ. ಸಿಂಕ್ ಆಗುತ್ತಿದ್ದುದು ಮುಖ್ಯ ಫೈಲು ಮಾತ್ರ. ನಾನೊಬ್ಬನೇ ಕೂತು ಹುಡುಕಿದ್ದರೆ ಇದು ಸಿಗುತ್ತಿತ್ತೆನ್ನುವ ನಂಬಿಕೆ ನನಗಿಲ್ಲ, ನನ್ನ ಬಳಿ ಅಂಥ ವ್ಯವಸ್ಥೆಯೇ ಇರಲಿಲ್ಲ. ಈಗ ‘ಬ್ಯಾಕಪ್’ ಒತ್ತಿದರೆ ಎಲ್ಲವೂ ಸೇರಿದ ಒಂದೇ ಪೂರ್ಣ ಪ್ರತಿ ತಯಾರಾಗುತ್ತದೆ. ಆ ಪ್ರತಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಇದು ಆ ಪಟ್ಟಿಯ ಫಲ.

ಎಸ್‌ಕ್ಯೂಲೈಟ್ ಹೆಸರು ಬಂದಮೇಲೆ ಅದನ್ನು ಕಟ್ಟಿದವರನ್ನು ನೆನೆಯದೆ ಮುಂದೆ ಹೋಗಲಾರೆ. ಡಿ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್ ಯಾರ ಸ್ವತ್ತೂ ಅಲ್ಲ, ಸಾರ್ವಜನಿಕರದು. 2050ರವರೆಗೆ ನೋಡಿಕೊಳ್ಳುವ ಉದ್ದೇಶವಿದೆ ಎಂದು ಅದನ್ನು ಕಟ್ಟುವವರು ಹೇಳಿದ್ದಾರೆ. ನಾನು ಈ ಕೆಲಸ ಬಿಟ್ಟರೂ ನಿಮ್ಮ ಟಿಪ್ಪಣಿಗಳನ್ನು ಬೇರೆ ಸಾಧನಗಳಿಂದ ತೆರೆದು ಓದಬಹುದು ಎಂದು ಧೈರ್ಯವಾಗಿ ಹೇಳುವುದು ಅವರ ಬಲದಿಂದ.

ಕಣ್ಣು ಕಾಣದ ಬಳಕೆದಾರರೊಬ್ಬರು ಇಡೀ ತಂತ್ರಾಂಶವನ್ನು ಕೀಬೋರ್ಡಿನಿಂದಲೇ ಸುತ್ತಿ, ಸ್ಕ್ರೀನ್ ರೀಡರ್ ಪ್ರತಿ ಗುಂಡಿಯ ಬಳಿ ಏನು ಉಚ್ಚರಿಸಿತು ಎಂಬುದನ್ನು ಸಾಲು ಸಾಲಾಗಿ ಬರೆದು ಕಳಿಸಿದರು. ಆ ಮೇಲ್ ಮುಂದಿಟ್ಟುಕೊಂಡೇ ಒಂದೊಂದು ಗುಂಡಿಗೂ ಸರಿಯಾದ ಹೆಸರು ಕೊಟ್ಟೆ. ಅವರಿಗೆ ನಾನು ಋಣಿ.

ದುಡ್ಡು ಕೊಟ್ಟವರಿಗೂ ವಂದನೆ. ಲೈಸೆನ್ಸ್ ಕೀಲಿಯನ್ನು ತಂತ್ರಾಂಶ ಡಿಜಿಟಲ್ ಸಹಿಯಿಂದ ಅಲ್ಲೇ ಪರೀಕ್ಷಿಸುತ್ತದೆ, ಯಾವ ಸರ್ವರನ್ನೂ ಕೇಳುವುದಿಲ್ಲ. ಒಂದೇ ಕೀಲಿಯನ್ನು ನಾಲ್ಕು ಜನ ಹಂಚಿಕೊಂಡರೂ ತಡೆಯುವವರಿಲ್ಲ. ಗೊತ್ತಿದ್ದೂ ಕೊಂಡಿರಿ. ಅಪರಿಚಿತ ಪ್ರಕಾಶಕರ ಫೈಲು ಎಂದು ಕಂಪ್ಯೂಟರ್ ಎಚ್ಚರಿಸುತ್ತಿದ್ದ ದಿನಗಳಲ್ಲಿ, ನಾನು ಪ್ರಕಟಿಸಿದ ಹ್ಯಾಶ್ (ಫೈಲು ಬದಲಾಗಿಲ್ಲವೆಂದು ತಿಳಿಯಲು ಬಳಸುವ ಗುರುತಿನ ಸಂಕೇತ) ಜೊತೆ ಹೋಲಿಸಿ ನೋಡಿ ಇನ್‌ಸ್ಟಾಲ್ ಮಾಡಿದವರನ್ನೂ ಮರೆತಿಲ್ಲ.

ಬಿಟ್ಟುಹೋದ ಒಬ್ಬರಿಗೂ ಧನ್ಯವಾದ ಹೇಳಬೇಕು. ಬೇರೆ ತಂತ್ರಾಂಶಕ್ಕೆ ಹೋಗುತ್ತಿದ್ದೇನೆ, ಎಲ್ಲ ಟಿಪ್ಪಣಿಗಳೂ ಚಿತ್ರಗಳ ಸಮೇತ ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ಫೈಲುಗಳಾಗಿ ಹೊರಬಂದವು, ಏನೂ ಕಳೆದಿಲ್ಲ ಎಂದು ಅವರು ಬರೆದರು. ಎಕ್ಸ್‌ಪೋರ್ಟ್ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಹೋಗುವಾಗಲೂ ತಿಳಿಸಿ ಹೋದರಲ್ಲ, ತುಂಬಾ ಸಂತೋಷವಾಯಿತು.

ನೆರವಾದವರಲ್ಲಿ ಒಪ್ಪಿಗೆ ಕೊಟ್ಟವರ ಹೆಸರುಗಳನ್ನಷ್ಟೇ ‘ಕುರಿತು’ ಪುಟದಲ್ಲಿ ಹಾಕಿದ್ದೇನೆ. ನಿಮ್ಮ ಹೆಸರು ಸೇರಬೇಕೆಂದಿದ್ದರೆ, ಅಥವಾ ಇರುವುದನ್ನು ತೆಗೆಯಬೇಕೆಂದಿದ್ದರೆ, ಒಂದು ಸಾಲು ಬರೆಯಿರಿ. 1.0.1ರಲ್ಲಿ ಸರಿಪಡಿಸುತ್ತೇನೆ.