ಬಂಕ್‌ಗಳಲ್ಲಿ ಗಾಳಿ ಮಷೀನ್ ನಡೀಲಿ, ನಮ್ಮ ಬಲಗಾಲೂ ಸ್ವಲ್ಪ ಹಗುರ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ಪೆಟ್ರೋಲ್ ರೇಟಿನ ಬಗ್ಗೆ ನಿಮ್ಮ ವಾಚಕರ ಕಾಲಂನಲ್ಲಿ ಪತ್ರಗಳು ಬರ್ತಾನೇ ಇರ್ತಾವೆ, ಬರ್ಬೇಕು ಕೂಡ. 2021ರಲ್ಲಿ ನೂರು ದಾಟಿದ್ದು, ಆಮೇಲೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸೇಲ್ಸ್ ಟ್ಯಾಕ್ಸ್ ಏರಿಸಿದಾಗ ಲೀಟರಿಗೆ ಹತ್ರಹತ್ರ 3 ರೂಪಾಯಿ ಜಾಸ್ತಿ ಆಗಿದ್ದು ಎಲ್ಲಾ ನೆನಪೈತೆ. ಈಗ ಅದ್ರ ಮೇಲೆ ಇ20 ಪೆಟ್ರೋಲ್ (20 ಪರ್ಸೆಂಟ್ ಎಥನಾಲ್ ಬೆರೆಸಿದ್ದು) ಬಂದು ಮೈಲೇಜ್ ಬಿದ್ದೋಯ್ತು ಅಂತ ಟ್ಯಾಕ್ಸಿ ಸ್ಟ್ಯಾಂಡಲ್ಲಿ, ಗ್ಯಾರೇಜಲ್ಲಿ, ಬೆಣ್ಣೆದೋಸೆ ಹೋಟ್ಲಲ್ಲಿ ಎಲ್ಲಿ ಕೂತ್ರೂ ಅದೇ ಮಾತು. ನಾನು ದಾವಣಗೆರೆಯಲ್ಲಿ ಹಳದಿ ಬೋರ್ಡ್ ಕಾರ್ ಓಡಿಸಿ ಜೀವನ ಮಾಡೋನು, ಬಾಡಿಗೆಯಲ್ಲಿ ಮನೆಗೆ ಏನು ಉಳಿಯುತ್ತೆ ಅನ್ನೋದು ಮೈಲೇಜ್ ಮೇಲೆ ನಿಂತೈತೆ, ಹಂಗಾಗಿ ಒಂದೆರಡು ಮಾತು ಬರೀಲೇಬೇಕು ಅನ್ನಿಸ್ತು. ರೇಟು ನಮ್ಮ ಕೈಲಿಲ್ಲ, ಇ20 ನಮ್ಮ ಕೈಲಿಲ್ಲ, ಆದ್ರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದ್ರಲ್ಲಿ ದೊಡ್ಡ ಪಾಲು ನಮ್ಮ ಕಾಲಲ್ಲೇ ಐತೆ, ಇನ್ನೊಂದಿಷ್ಟು ಟೈರಿನ ಗಾಳಿಲಿ ಐತೆ, ಆ ಗಾಳಿ ವಿಷಯಕ್ಕೆ ನಮ್ಮೂರ ಬಂಕಿನೋರೂ ಮನಸ್ಸು ಮಾಡ್ಬೇಕು.

ಮೊದ್ಲು ಇ20 ಮಾತು ಮುಗಿಸ್ತೀನಿ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಲೀಟರಿಗೆ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಅದನ್ನ 20 ಪರ್ಸೆಂಟ್ ಸೇರಿಸಿದ್ರೆ ಲೆಕ್ಕ ಹಾಕಿ ನೋಡಿ, 6-7 ಪರ್ಸೆಂಟ್ ಬೀಳಬಹುದು. 2021ರಲ್ಲಿ ನೀತಿ ಆಯೋಗದ ವರದಿಯಲ್ಲೂ ಹಳೇ ಮಾಡೆಲ್ ಕಾರುಗಳಿಗೆ ಇದೇ 6-7 ಪರ್ಸೆಂಟ್ ಅಂತ ಕೊಟ್ಟಿದ್ರು, ಇ20ಗೆ ಟ್ಯೂನ್ ಆಗಿರೋ ಕಾರಿಗೆ 1-2 ಪರ್ಸೆಂಟ್ ಅಷ್ಟೇ. ಎಥನಾಲ್ ಮಾಡೋಕೆ ಕಬ್ಬಿನ ಜತೆ ಮೆಕ್ಕೆಜೋಳಾನೂ ಹೋಗುತ್ತೆ, ನಮ್ದು ಮೆಕ್ಕೆಜೋಳದ ಜಿಲ್ಲೆ, ರೈತರಿಗೆ ರೇಟ್ ಸಿಕ್ಕಿದ್ರೆ ನನಗೇನೂ ತಕರಾರಿಲ್ಲ. ನನ್ನ ಮಾತು ಇಷ್ಟೇ, 18 ಕೊಡ್ತಿದ್ದ ಗಾಡಿ ಇ20ಯಿಂದ 17ಕ್ಕೆ ಬರಬಹುದು, 13ಕ್ಕೆ ಬಂದಿದ್ರೆ ಬೇರೆ ಕಾರಣ ಐತೆ, ಅದನ್ನ ಹುಡುಕ್ಬೇಕು.

ಆ ಕಾರಣ ಮುಕ್ಕಾಲು ಪಾಲು ಕೇಸಲ್ಲಿ ಓಡ್ಸೋ ರೀತಿಲೇ ಸಿಗುತ್ತೆ. ನಮ್ಮ ಪಿ.ಬಿ. ರೋಡಲ್ಲಿ ಯಾವುದಾದ್ರೂ ಸಿಗ್ನಲ್ ಹತ್ರ ನಿಂತು ಹತ್ತು ನಿಮಿಷ ನೋಡ್ರಿ. ಹಸಿರು ಬಿದ್ದ ತಕ್ಷಣ ಫಸ್ಟ್ ಗೇರಲ್ಲೇ ಗುಂಯ್ ಅನ್ನಿಸ್ಕೊಂಡು ಎದ್ದು, ಸೆಕೆಂಡ್ ಹಾಕಿ ಮತ್ತೆ ಒತ್ತಿ, ಮುಂದೆ ಐವತ್ತು ಮೀಟರ್‌ನಲ್ಲಿ ಆಟೋ ಅಡ್ಡ ನಿಂತಿರೋದು ಕಣ್ಣಿಗೆ ಕಾಣ್ತಾನೇ ಇರುತ್ತೆ, ಆದ್ರೂ ಅಲ್ಲೀತನಕ ಆಕ್ಸಿಲರೇಟರ್ ತುಳ್ಕೊಂಡೇ ಹೋಗಿ ಕೊನೇಲಿ ಬ್ರೇಕ್ ಹೊಡೀತಾರೆ. ಒಂದು ಟನ್ ತೂಕದ ಕಾರನ್ನ ನಿಂತ ಜಾಗದಿಂದ 50 ಕಿ.ಮೀ. ಸ್ಪೀಡಿಗೆ ಎಬ್ಬಿಸೋಕೆ ಸುಮಾರು 15 ಎಂ.ಎಲ್. ಪೆಟ್ರೋಲ್ ಬೇಕು, ಅಂದ್ರೆ ಒಂದು ದೊಡ್ಡ ಚಮಚದಷ್ಟು. ಬ್ರೇಕ್ ಒತ್ತಿದ್ರೆ ಆ ಚಮಚ ಪೆಟ್ರೋಲ್ ಬ್ರೇಕ್ ಪ್ಯಾಡಲ್ಲಿ ಬಿಸಿಯಾಗಿ ಗಾಳಿಗೆ ಹೋಯ್ತು, ಮತ್ತೆ ಏಳೋಕೆ ಇನ್ನೊಂದು ಚಮಚ. 80ರಿಂದ ಬ್ರೇಕ್ ಹೊಡೆದ್ರೆ ಎರಡು ಚಮಚಕ್ಕಿಂತ ಜಾಸ್ತಿ. ಅರುಣಾ ಟಾಕೀಸ್ ಸರ್ಕಲ್‌ನಿಂದ ಗಾಂಧಿ ಸರ್ಕಲ್ ಮುಟ್ಟೋದ್ರೊಳಗೆ ಎಷ್ಟು ಸಲ ಹಿಂಗೆ ಎದ್ದು ಬಿದ್ದು ಹೋಗ್ತೀವಿ ಅಂತ ಒಂದಿನ ಗಮನ ಇಟ್ಟು ನೋಡಿದ್ರೆ ಸಾಕು, ಮೈಲೇಜ್ ಎಲ್ಲಿಗೆ ಹೋಯ್ತು ಅಂತ ಯಾರೂ ಹೇಳ್ಕೊಡೋದು ಬೇಡ. ಅಮೆರಿಕದ ಇಂಧನ ಇಲಾಖೆಯೋರು ಹೇಳೋ ಪ್ರಕಾರ ಈ ತರ ರ‍್ಯಾಶ್ ಆಗಿ ಓಡ್ಸಿದ್ರೆ ಹೈವೇಲಿ 15ರಿಂದ 30 ಪರ್ಸೆಂಟ್, ನಿಂತು ನಿಂತು ಹೋಗೋ ಟ್ರಾಫಿಕ್‌ನಲ್ಲಿ 10ರಿಂದ 40 ಪರ್ಸೆಂಟ್ ತನಕ ಮೈಲೇಜ್ ಬೀಳುತ್ತೆ. ಇ20ದು ಆರೇಳು, ಕಾಲಿನದು ಮೂವತ್ತು. ತಿಂಗಳಿಗೆ 100 ಲೀಟರ್ ಹಾಕ್ಸೋ ನನ್ನಂಥೋರು 15 ಪರ್ಸೆಂಟ್ ಉಳಿಸಿದ್ರೂ ಒಂದೂವರೆ ಸಾವಿರ ರೂಪಾಯಿ, ಅದು ಮನೆ ರೇಷನ್ ದುಡ್ಡು ಸರ್.

ಏನ್ ಮಾಡ್ಬೇಕು ಅಂದ್ರೆ ದೂರಕ್ಕೆ ನೋಡ್ಬೇಕು ಅಷ್ಟೇ. ಮುಂದೆ ಕೆಂಪು ಕಾಣ್ತಾ, ಹಂಪ್ ಕಾಣ್ತಾ, ಮೊದ್ಲೇ ಕಾಲು ತೆಗೀರಿ, ಗೇರ್ ಹಂಗೇ ಇರ್ಲಿ, ಗಾಡಿ ತಾನೇ ಉರುಳ್ಕೊಂಡು ಹೋಗುತ್ತೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಇಂಜಿನ್‌ಗೆ ಪೆಟ್ರೋಲ್ ಹೋಗೋದೇ ನಿಂತೋಗುತ್ತೆ, ಚಕ್ರಾನೇ ಇಂಜಿನ್ ತಿರುಗಿಸ್ತಾ ಇರುತ್ತೆ. ನಮ್ ಡ್ರೈವರ್‌ಗಳಲ್ಲಿ ಸುಮಾರು ಜನ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೆ ಉಳಿಯುತ್ತೆ ಅಂತ ನಂಬ್ಕೊಂಡವ್ರೆ, ಕಾರ್ಬ್ಯುರೇಟರ್ ಕಾಲದಲ್ಲಿ ಕಲಿತಿದ್ದು ಅದು. ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಐಡಲ್ ಓಡೋಕೆ ಪೆಟ್ರೋಲ್ ಹಾಕ್ಲೇಬೇಕು, ಅಂದ್ರೆ ಖರ್ಚೇ ಜಾಸ್ತಿ, ಮೇಲೆ ಇಂಜಿನ್ ಬ್ರೇಕಿಂಗ್, ಅಂದ್ರೆ ಗೇರಲ್ಲಿದ್ದಾಗ ಇಂಜಿನ್ನೇ ಗಾಡಿ ಸ್ಪೀಡ್ ಹಿಡಿಯೋದು, ಇರಲ್ಲ. ಧರ್ಮಸ್ಥಳ ಉಡುಪಿ ಬಾಡಿಗೆ ಅಂತ ಹೋಗಿ ಆಗುಂಬೆ ಘಾಟಿಲಿ ಏಳೆಂಟು ಜನ ತುಂಬಿಕೊಂಡು ನ್ಯೂಟ್ರಲ್‌ನಲ್ಲಿ ಇಳಿಸ್ತಾರೆ, ಬರೀ ಬ್ರೇಕ್ ಮೇಲೆ ಇಳಿಸಿದ್ರೆ ಬಿಸಿಯಾಗಿ ಬ್ರೇಕ್ ಹಿಡಿಯಲ್ಲ, ತಿರುವು ತಿರುವಲ್ಲೂ ಜೀವ ಕೈಲಿ. ದಯವಿಟ್ಟು ಇದನ್ನ ಬಿಡ್ರಪ್ಪಾ.

ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆಫ್ ಮಾಡೋದು ಎಲ್ಲರಿಗೂ ಗೊತ್ತಿರೋದೇ. ಚಿಕ್ಕ ಪೆಟ್ರೋಲ್ ಕಾರು ನಿಂತಲ್ಲೇ ನಿಮಿಷಕ್ಕೆ ಹತ್ತು ಎಂ.ಎಲ್. ಆಸುಪಾಸು ಕುಡಿಯುತ್ತೆ, ಎಸಿ ಇದ್ರೆ ಇನ್ನೂ ಜಾಸ್ತಿ. ಮತ್ತೆ ಸ್ಟಾರ್ಟ್ ಮಾಡೋಕೆ ಹತ್ತು ಸೆಕೆಂಡ್ ಐಡಲ್‌ನಷ್ಟೂ ಬೇಕಾಗಲ್ಲ. ರೈಲ್ವೆ ಗೇಟ್ ಹಾಕಿದಾಗ್ಲೂ, ಮದುವೆ ಮಂಟಪದ ಮುಂದೆ ಪಾರ್ಟಿ ಬರೋತನಕ ಕಾಯ್ವಾಗ್ಲೂ ಎಸಿ ಹಾಕ್ಕೊಂಡು ಅರ್ಧ ಗಂಟೆ ಕೂರೋರು ಈ ಲೆಕ್ಕ ನೋಡ್ಬೇಕು. ಬಿಸಿಲಲ್ಲಿ ನಿಂತ ಗಾಡಿಗೆ ಹತ್ತಿದ ತಕ್ಷಣ ಫುಲ್ ಎಸಿ ಕೊಡೋದಕ್ಕಿಂತ ನಾಲ್ಕೂ ಗ್ಲಾಸ್ ಇಳಿಸಿ ಒಂದೆರಡು ನಿಮಿಷ ಓಡಿಸಿ ಬಿಸಿಗಾಳಿ ಹೊರಗೆ ಹಾಕಿ ಆಮೇಲೆ ಹಾಕಿದ್ರೆ ಎಸಿಗೂ ಹೊರೆ ಕಮ್ಮಿ.

ಹೈವೇ ಮಾತಿಗೆ ಬರ್ತೀನಿ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿ.ಮೀ. ಒಂದೇ ಸಮ 80ರಲ್ಲಿ ಹೋದ್ರೆ ಮುಕ್ಕಾಲು ಗಂಟೆ, 100ರಲ್ಲಿ ಹೋದ್ರೆ 36 ನಿಮಿಷ. ಉಳಿಯೋದು ಒಂಬತ್ತು ನಿಮಿಷ, ಅದ್ರಲ್ಲಿ ಹೆಬ್ಬಾಳು ಟೋಲ್‌ನಲ್ಲಿ ಒಂದೆರಡು ನಿಮಿಷ ಹೋಗೇ ಹೋಗುತ್ತೆ. ಆದ್ರೆ ಗಾಳಿ ತಡೆಯೋ ಬಲ ಸ್ಪೀಡಿನ ವರ್ಗದಂಗೆ ಏರುತ್ತೆ, 80ಕ್ಕಿಂತ 100ರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ನಮ್ಮ ಈ ಭಾಗದಲ್ಲಿ ಇನ್ನೊಂದು ವಿಷಯ ಐತೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರೋದು ಸುಮ್ನೆ ಅಲ್ಲ, ಆಷಾಢದಲ್ಲಿ ಪಶ್ಚಿಮದ ಗಾಳಿ ಎಷ್ಟು ಜೋರು ಬೀಸುತ್ತೆ ಅಂದ್ರೆ ಭರಮಸಾಗರದ ಹತ್ರ ಮುಂದೆ ಹೋಗೋ ಲಾರಿ ತಾಡಪಾಲು ಪಟಪಟ ಅಂತ ಹೊಡ್ಕೊಳ್ಳೋದು ಗ್ಲಾಸ್ ಏರಿಸಿದ್ರೂ ಕೇಳುತ್ತೆ. ಗಂಟೆಗೆ 20 ಕಿ.ಮೀ. ಎದುರು ಗಾಳಿ ಇದ್ದಾಗ ಮೀಟರ್‌ನಲ್ಲಿ 80 ಇದ್ರೂ ಗಾಡಿ ಗಾಳಿನ ಸೀಳೋದು 100ರ ಲೆಕ್ಕದಲ್ಲಿ. ಅದಕ್ಕೇ ಬೆಂಗಳೂರಿಂದ ವಾಪಸ್ ಬರುವಾಗ ಹಿರಿಯೂರು ದಾಟಿದ ಮೇಲೆ ಆ ತಿಂಗಳಲ್ಲಿ ಮೈಲೇಜ್ ಬೀಳೋದು, ಹೋಗುವಾಗ ಚೆನ್ನಾಗಿರೋದು. ಆ ದಿನ ಇಂಜಿನ್ನಿಗೆ ಏನೋ ಆಗೈತೆ ಅಂತ ಗ್ಯಾರೇಜಿಗೆ ಹೋಗೋದು ಬೇಡ, ಸ್ಪೀಡ್ ಹತ್ತು ಇಳಿಸಿದ್ರೆ ಆಯ್ತು. ಖಾಲಿ ಕ್ಯಾರಿಯರ್ ಟಾಪ್ ಮೇಲೆ ಬಿಟ್ಕೊಂಡು ತಿರುಗೋರಿಗೂ ಇದೇ ಮಾತು, ಲಗೇಜ್ ಇಲ್ಲದಾಗ ಬಿಚ್ಚಿಡ್ರಿ.

ಈಗ ಟೈರು. ಇದಕ್ಕೇ ನಾನು ಪತ್ರ ಬರೀಬೇಕು ಅಂದ್ಕೊಂಡಿದ್ದು. ನಮ್ಮೂರಲ್ಲಿ ಒಂದು ನಂಬಿಕೆ ಐತೆ, ಬೇಸಿಗೆಲಿ ಗಾಳಿ ಕಮ್ಮಿ ಇಡ್ಬೇಕು, ಇಲ್ಲಾಂದ್ರೆ ಬಿಸಿಗೆ ಬ್ಲಾಸ್ಟ್ ಆಗುತ್ತೆ ಅಂತ. ಪಂಕ್ಚರ್ ಅಂಗಡಿಯೋರೂ ಹೇಳ್ತಾರೆ, ಮನೇಲಿ ಹಿರಿಯರೂ ಹೇಳ್ತಾರೆ. ಆಗೋದು ಉಲ್ಟಾ. ಗಾಳಿ ಕಮ್ಮಿ ಇದ್ರೆ ಟೈರಿನ ಪಕ್ಕದ ಗೋಡೆ ಒಂದೊಂದು ಸುತ್ತಿಗೂ ಜಾಸ್ತಿ ಮಡಚಿ ಬಿಚ್ಚಿ ಆಗುತ್ತೆ, ಆ ಮಡಚೋದ್ರಿಂದ್ಲೇ ಬಿಸಿ ಹುಟ್ಟೋದು, ಏಪ್ರಿಲ್ ಮಧ್ಯಾಹ್ನ ಹಿರಿಯೂರು ಕಡೆ ಕಾದ ರೋಡಲ್ಲಿ ಲೋಡ್ ಹಾಕ್ಕೊಂಡು 100ರಲ್ಲಿ ಹೋದ್ರೆ ಒಡೆಯೋದು ಅಂಥ ಟೈರೇ. ಬಿಸಿಲಿಗೆ ಗಾಳಿ ಏರೋದು ನಿಜ, ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ (ಗಾಳಿ ಒತ್ತಡದ ಅಳತೆ), ಆದ್ರೆ ಕಂಪ್ನಿಯೋರು ಕೋಲ್ಡ್ ಪ್ರೆಷರ್ (ಟೈರ್ ತಣ್ಣಗಿದ್ದಾಗ ಇರ್ಬೇಕಾದ ಗಾಳಿ) ಅಂತ ಕೊಡುವಾಗ್ಲೇ ಆ ಲೆಕ್ಕ ಹಿಡಿದಿರ್ತಾರೆ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತೆ, ಮುಂದಕ್ಕೆಷ್ಟು ಹಿಂದಕ್ಕೆಷ್ಟು, ಫುಲ್ ಲೋಡಿಗೆ ಎಷ್ಟು ಅಂತ. ಬೆಳಗ್ಗೆ ಗಾಡಿ ತೆಗೆಯೋ ಮುಂಚೆ, ಇಲ್ಲಾ ಒಂದೆರಡು ಕಿಲೋಮೀಟರ್ ಒಳಗೆ ಚೆಕ್ ಮಾಡ್ಸಿ ಅಷ್ಟೇ ಇಟ್ಕೋಬೇಕು. ಓಡಿ ಬಿಸಿಯಾದ ಟೈರಲ್ಲಿ ಜಾಸ್ತಿ ತೋರಿಸ್ತು ಅಂತ ಬಿಡಿಸಬಾರದು, ತಣ್ಣಗಾದ ಮೇಲೆ ಕಮ್ಮಿ ಆಗಿರುತ್ತೆ. ಟೈರ್ ಮುಟ್ಟಿ ನೋಡಿದ್ರೂ ಗೊತ್ತಾಗುತ್ತೆ, ಎರಡೂ ಅಂಚು ಸವೆದು ಮಧ್ಯ ಉಳಿದಿದ್ರೆ ಗಾಳಿ ಕಮ್ಮಿ ಓಡಿಸಿದ್ದು, ಮಧ್ಯ ಸವೆದಿದ್ರೆ ಜಾಸ್ತಿ ಓಡಿಸಿದ್ದು, ಒಂದೇ ಅಂಚು ಸವೆದಿದ್ರೆ ಅಲೈನ್‌ಮೆಂಟ್ ಹೋಗಿರ್ಬಹುದು.

ಮೈಲೇಜ್ ಲೆಕ್ಕದಲ್ಲಿ ನಾಲ್ಕೂ ಟೈರಲ್ಲಿ ಹತ್ತು ಪಿಎಸ್‌ಐ ಕಮ್ಮಿ ಇದ್ರೆ ಎರಡು ಪರ್ಸೆಂಟ್ ಆಸುಪಾಸು ಹೋಗುತ್ತೆ, ನೋಡೋಕೆ ಸಣ್ಣದು, ಆದ್ರೆ ಟೈರ್ ಬೇಗ ಸವೆಯೋದು, ಬ್ಲಾಸ್ಟ್ ಭಯ ಎಲ್ಲಾ ಸೇರಿಸಿದ್ರೆ ಕಾಸಿಲ್ಲದೆ ಸಿಗೋ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ. ಕಾಸಿಲ್ಲದೆ ಅಂದೆ, ಯಾಕಂದ್ರೆ ಪೆಟ್ರೋಲ್ ಬಂಕ್‌ಗಳಲ್ಲಿ ಗಾಳಿ ಫ್ರೀ ಕೊಡ್ಬೇಕು ಅಂತ ತೈಲ ಕಂಪ್ನಿಗಳ ನಿಯಮಾನೇ ಐತೆ, ಕುಡಿಯೋ ನೀರು, ಟಾಯ್ಲೆಟ್ ಇದ್ದಂಗೆ. ಆದ್ರೆ ನಾನು ಹೋಗೋ ಬಂಕ್‌ಗಳಲ್ಲಿ ಎಷ್ಟೋ ಕಡೆ ಗಾಳಿ ಮಷೀನ್ ಮೇಲೆ ರಿಪೇರಿ ಅಂತ ರಟ್ಟು ನೇತಾಕಿರ್ತಾರೆ, ತಿಂಗಳಾದ್ರೂ ಆ ರಟ್ಟು ಇಳಿಯಲ್ಲ. ಕೆಲವು ಕಡೆ ಮಷೀನ್ ಸರಿ ಇರುತ್ತೆ, ಹುಡುಗ ಇರಲ್ಲ. ಇನ್ನು ಕೆಲವು ಕಡೆ ಹುಡುಗ ಇರ್ತಾನೆ, ಗಾಡಿ ಯಾವುದು ಅಂತ ನೋಡದೆ ಬಂದಿದ್ದಕ್ಕೆಲ್ಲಾ 35 ಒತ್ತಿ ಪೈಪ್ ಸಿಕ್ಕಿಸ್ತಾನೆ, ಟೀಂ ಟೀಂ ಅಂದ್ರೆ ಮುಗೀತು, ಮುಗಿದ ಮೇಲೆ ಐದು ರೂಪಾಯಿ ಕೇಳ್ತಾನೆ. ಪಾಪ ಆ ಹುಡುಗನ್ನ ನಾನು ಬೈಯಲ್ಲ, ಅವನಿಗೆ ಯಾರೂ ಹೇಳ್ಕೊಟ್ಟಿಲ್ಲ, ಸಂಬಳ ಸರಿಯಾಗಿ ಕೊಡ್ತಾರೋ ಇಲ್ವೋ. ಸ್ಟಿಕ್ಕರ್ ನೋಡಿ ನಂಬರ್ ಹೇಳೋದು ನಮ್ಮ ಕೆಲಸ, ಮಷೀನ್ ನಡೆಯೋ ತರ ಇಡೋದು ಬಂಕಿನೋರ ಕೆಲಸ.

ಗಾಡಿ ಮೇಂಟೆನೆನ್ಸ್ ಬಗ್ಗೆ ಬೇರೆ ಜಾಸ್ತಿ ಹೇಳಲ್ಲ. ಬ್ರೇಕ್ ಜಾಮ್ ಆಗೈತಾ ನೋಡ್ಕೊಳ್ಳಿ, ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ರಿಮ್ ಹತ್ರ ಕೈ ಹಿಡೀರಿ, ಮುಟ್ಟೋದು ಬೇಡ, ಮುಂದಿನ ಎರಡು ಚಕ್ರದಲ್ಲಿ ಒಂದು ಮಾತ್ರ ಜಾಸ್ತಿ ಕಾದಿದ್ರೆ ಆ ಚಕ್ರದ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತೋ ಭಾಗ) ಹಿಡ್ಕೊಂಡೈತೆ. ಡ್ಯಾಶ್‌ಬೋರ್ಡಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿದ್ರೆ ಟೇಪ್ ಅಂಟಿಸಿ ಓಡಿಸ್ಬೇಡಿ, ಹೊಗೆಯಲ್ಲಿರೋ ಆಕ್ಸಿಜನ್ ಅಳೆಯೋ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ರೆ ಮೈಲೇಜ್ ವಿಪರೀತ ಬೀಳುತ್ತೆ. ಇಂಜಿನ್ ಆಯಿಲ್ ಬುಕ್‌ನಲ್ಲಿ ಹೇಳಿದ ಗ್ರೇಡೇ ಹಾಕ್ಸಿ, ಗಟ್ಟಿ ಆಯಿಲ್ ಒಳ್ಳೇದು ಅನ್ನೋದು ಹಳೇ ಮಾತು. ಏರ್ ಫಿಲ್ಟರ್ ನಮ್ಮ ಧೂಳಿಗೆ ಬೇಗ ಕಟ್ಟುತ್ತೆ, ಬದಲಾಯಿಸ್ಬೇಕು, ಆದ್ರೆ ಇಂಜೆಕ್ಷನ್ ಗಾಡಿಗಳಲ್ಲಿ ಅದ್ರಿಂದ ಪಿಕಪ್ ಬೀಳುತ್ತೆ ಹೊರತು ಮೈಲೇಜ್ ಅಷ್ಟೇನೂ ಬದಲಾಗಲ್ಲ. ಸಾದಾ ಪೆಟ್ರೋಲ್‌ಗೆ ಮಾಡಿರೋ ಇಂಜಿನ್ನಿಗೆ ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ ಕೊಟ್ಟು ಪ್ರೀಮಿಯಂ ಹಾಕ್ಸೋದ್ರಿಂದ ಆ ದುಡ್ಡು ವಾಪಸ್ ಬರಲ್ಲ. ಪೆಟ್ರೋಲ್ ಪೈಪಿಗೆ ಕಟ್ಟೋ ಮ್ಯಾಗ್ನೆಟ್, ಮೈಲೇಜ್ ಡಬಲ್ ಅಂತ ಮೊಬೈಲಲ್ಲಿ ಬರೋ ಅಡ್ವರ್ಟೈಸ್‌ಮೆಂಟ್ ನಂಬಿ ಬಡ ಡ್ರೈವರ್‌ಗಳು ದುಡ್ಡು ಕಳ್ಕೊಳ್ಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮತ್ತೆ ಮೈಲೇಜ್ ಅನ್ನೋದನ್ನ ಅಂದಾಜಲ್ಲಿ ಹೇಳ್ಬಾರ್ದು. ಫುಲ್ ಟ್ಯಾಂಕ್ ಮಾಡ್ಸಿ ಟ್ರಿಪ್ ಮೀಟರ್ ಜೀರೋ ಮಾಡಿ, ಮುಂದಿನ ಸಲ ಅದೇ ಬಂಕಲ್ಲಿ ಫಸ್ಟ್ ಕಟ್ ಆಫ್ (ಪೈಪ್ ತಾನೇ ಮೊದಲ ಸಲ ನಿಲ್ಲೋದು) ತನಕ ಹಾಕ್ಸಿ, ಓಡಿದ ಕಿಲೋಮೀಟರನ್ನ ಹಾಕಿದ ಲೀಟರ್‌ನಿಂದ ಭಾಗಿಸ್ರಿ. ನಾಲ್ಕೈದು ಟ್ಯಾಂಕ್ ಹಿಂಗೆ ಬರೆದಿಟ್ರೆ ನಿಜವಾದ ನಂಬರ್ ಸಿಗುತ್ತೆ. ಬಂಕಲ್ಲಿ ಅಳತೆ ಕಮ್ಮಿ ಅನ್ನೋ ಅನುಮಾನ ಇದ್ರೆ ಅಲ್ಲೇ 5 ಲೀಟರ್ ಅಳತೆ ಪಾತ್ರೆ ಇಟ್ಟಿರ್ಬೇಕು, ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳೋ ಹಕ್ಕು ಗಿರಾಕಿಗೆ ಐತೆ.

ನನ್ನ ಕೋರಿಕೆ ಇಷ್ಟು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಬಂಕ್ ಮಾಲೀಕರು ಗಾಳಿ ಮಷೀನ್ ರಿಪೇರಿ ಮಾಡ್ಸಿ ಬೆಳಗ್ಗೆ ಆರು ಗಂಟೆಯಿಂದ್ಲೇ ಒಬ್ಬ ಹುಡುಗನ್ನ ಅಲ್ಲಿ ನಿಲ್ಲಿಸ್ಲಿ, ಟೈರ್ ತಣ್ಣಗಿರೋದು ಆ ಹೊತ್ತಲ್ಲೇ. ಡ್ರೈವಿಂಗ್ ಸ್ಕೂಲ್‌ನೋರು ಎಂಟು ಹಾಕೋದು, ರಿವರ್ಸ್ ತೆಗೆಯೋದ್ರ ಜತೆಗೆ ಕಾಲು ಯಾವಾಗ ತೆಗೀಬೇಕು, ಗೇಜ್ ಹೆಂಗೆ ನೋಡ್ಬೇಕು ಅಂತ ಒಂದು ದಿನ ಹೇಳ್ಕೊಡ್ಲಿ. ನಿಮ್ಮ ವರದಿಗಾರರು ಒಂದಿನ ಪಿ.ಬಿ. ರೋಡ್, ಹದಡಿ ರೋಡ್, ಶಾಮನೂರು ರೋಡ್ ಬಂಕ್‌ಗಳಿಗೆಲ್ಲಾ ಹೋಗಿ ಎಷ್ಟು ಕಡೆ ಗಾಳಿ ಸಿಗುತ್ತೆ, ಎಷ್ಟು ಕಡೆ ರಟ್ಟು ನೇತಾಡ್ತೈತೆ ಅಂತ ಫೋಟೋ ಸಮೇತ ಹಾಕಿದ್ರೆ ದೊಡ್ಡ ಉಪಕಾರ. ಓದುಗರೂ ಅಷ್ಟೇ, ಗಾಳಿ ಇಲ್ಲ ಅಂದ ಬಂಕಲ್ಲಿ ಸುಮ್ನೆ ಮುಂದೆ ಹೋಗ್ಬೇಡಿ, ಕಂಪ್ಲೇಂಟ್ ಬುಕ್ ಕೇಳಿ ಬರೀರಿ, ಕಂಪ್ನಿ ಸೇಲ್ಸ್ ಆಫೀಸರ್ ಫೋನ್ ನಂಬರ್ ಬೋರ್ಡ್ ಮೇಲೆ ಹಾಕಿರ್ಬೇಕು, ಆ ನಂಬರಿಗೆ ಫೋನ್ ಮಾಡ್ರಿ.

ಒಬ್ಬ ಟ್ಯಾಕ್ಸಿ ಚಾಲಕ,
ದಾವಣಗೆರೆ